ಗಿನಿ ಕೊಡುವ ಕೋರ್ಟು, ಸಂಬಳವಿಲ್ಲದ ಸಂಸತ್ತು: ಬ್ಯಾರಿಸ್ಟರ್ ಎಡ್ವರ್ಡ್ ಕ್ಲಾರ್ಕ್

ಪ್ರಶ್ನೆ: ವಿಕ್ಟೋರಿಯಾ ರಾಣಿಯ ಕಾಲದ ಬ್ರಿಟನ್ನಿನಲ್ಲಿ ಅನೇಕ ಬ್ಯಾರಿಸ್ಟರುಗಳು ಸಂಸದರೂ ಆಗಿದ್ದರು ಎಂದು ಓದಿದ್ದೇನೆ. ಸಂಸದರಿಗೆ ಸಂಬಳವೇ ಇರಲಿಲ್ಲವಂತೆ. ಹಾಗಿದ್ದರೆ ಸಿರಿವಂತರಲ್ಲದವರು ಎರಡನ್ನೂ ಹೇಗೆ ನಿಭಾಯಿಸುತ್ತಿದ್ದರು? ಸಾಲಿಸಿಟರ್ ಜನರಲ್ ಹುದ್ದೆಯಲ್ಲಿದ್ದ ಒಬ್ಬರು ಯುವರಾಜನ ವಿರುದ್ಧವೇ ಕೇಸು ನಡೆಸಿದರಂತೆ. ಸರ್ಕಾರದ ವಕೀಲರಿಗೆ ಅದು ಹೇಗೆ ಸಾಧ್ಯವಾಯಿತು?

ಉತ್ತರ: ನೀವು ಓದಿದ್ದು ಸರ್ ಎಡ್ವರ್ಡ್ ಕ್ಲಾರ್ಕ್ (1841–1931) ಬಗ್ಗೆ. ಮೊದಲು ಒಂದು ತಿದ್ದುಪಡಿ. ಆ ಮೊಕದ್ದಮೆಯಲ್ಲಿ ಯುವರಾಜ ಪ್ರತಿವಾದಿ ಆಗಿರಲಿಲ್ಲ, ಸಾಕ್ಷಿಯಾಗಿದ್ದ. ಅವನನ್ನು ಸಾಕ್ಷಿಕಟ್ಟೆಗೆ ಕರೆಸಿದ್ದೂ ಕ್ಲಾರ್ಕನೇ. ಆದರೂ ಅವನ ವಾದ ಅರಮನೆಗೆ ಚುಚ್ಚಿದ್ದು ನಿಜ. ಆ ಕತೆಗೆ ಆಮೇಲೆ ಬರೋಣ. ನಿಮ್ಮ ಎರಡು ಪ್ರಶ್ನೆಗಳಿಗೂ ಉತ್ತರ ಸಿಗುವುದು ಒಂದೇ ಕಡೆ, ಆ ಕಾಲದ ಬ್ಯಾರಿಸ್ಟರನ ಫೀಸಿನ ಲೆಕ್ಕದಲ್ಲಿ. ಕೋರ್ಟಿನ ದುಡಿಮೆಯೇ ರಾಜಕೀಯಕ್ಕೆ ಅನ್ನ ಹಾಕುತ್ತಿತ್ತು. ಆ ದುಡಿಮೆಗೆ ಅಡ್ಡಿ ಬಂದಾಗ ಕ್ಲಾರ್ಕ್ ಸರ್ಕಾರದ ಹುದ್ದೆಯನ್ನೇ ಬೇಡವೆಂದ.

ಕ್ಲಾರ್ಕ್ ಹುಟ್ಟಿದ್ದು 1841ರ ಫೆಬ್ರವರಿ 15ರಂದು, ಲಂಡನ್ನಿನಲ್ಲಿ. ತಂದೆಯದು ಬೆಳ್ಳಿ ಬಂಗಾರದ ಅಂಗಡಿ. ಹುಡುಗ ಹದಿಹರೆಯದಲ್ಲೇ ಶಾಲೆ ಬಿಟ್ಟು ಅಂಗಡಿಯಲ್ಲಿ ನಿಂತ, ಸಂಜೆ ತರಗತಿಗಳಲ್ಲಿ ಓದಿದ. ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡೂ ಇಲ್ಲ. ಆಗಷ್ಟೇ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮುಗಿದು ಲಂಡನ್ನಿನಲ್ಲಿ ಇಂಡಿಯಾ ಆಫೀಸ್ ಶುರುವಾಗಿತ್ತು. ಅಲ್ಲಿನ ಗುಮಾಸ್ತಿಕೆಗೆ ಕ್ಲಾರ್ಕ್ ಸ್ಪರ್ಧಾತ್ಮಕ ಪರೀಕ್ಷೆ ಬರೆದು ಆಯ್ಕೆಯಾದ. ಪಿಂಚಣಿ ಇರುವ ಭದ್ರ ಕೆಲಸ. ಹೆಚ್ಚು ದಿನ ಇರಲಿಲ್ಲ, ಬಿಟ್ಟುಬಿಟ್ಟ. 1861ರಲ್ಲಿ ಕಾನೂನು ವಿದ್ಯಾರ್ಥಿಗಳಿಗೆಂದೇ ಮೀಸಲಾದ ಟ್ಯಾಂಕ್ರೆಡ್ ವಿದ್ಯಾರ್ಥಿವೇತನ ಗಿಟ್ಟಿಸಿ ಲಿಂಕನ್ಸ್ ಇನ್ ಸೇರಿದ. ಸಾಲದ್ದಕ್ಕೆ ಪತ್ರಿಕೆಗಳಿಗೆ ಬರೆದು ಖರ್ಚು ತೂಗಿಸಿದ. 1864ರ ನವೆಂಬರಿನಲ್ಲಿ ಬ್ಯಾರಿಸ್ಟರ್ ಆದ.

ಇಲ್ಲಿ ‘ಆಗುವುದು’ ಎಂದರೆ ಏನು? ಲಂಡನ್ನಿನಲ್ಲಿ ನಾಲ್ಕು ಇನ್‌ಗಳು, ಎಂದರೆ ಬ್ಯಾರಿಸ್ಟರುಗಳ ಸಂಘಗಳು, ಇದ್ದವು: ಲಿಂಕನ್ಸ್ ಇನ್, ಗ್ರೇಸ್ ಇನ್, ಇನ್ನರ್ ಟೆಂಪಲ್, ಮಿಡಲ್ ಟೆಂಪಲ್. ಬ್ಯಾರಿಸ್ಟರ್ ಪದವಿ ಕೊಡುವ ಅಧಿಕಾರ ಇವಕ್ಕೆ ಮಾತ್ರ. ವರ್ಷಕ್ಕೆ ನಾಲ್ಕು ಅವಧಿ, ಒಟ್ಟು ಹನ್ನೆರಡು ಅವಧಿ ‘ಇಟ್ಟುಕೊಳ್ಳಬೇಕಿತ್ತು’. ಅವಧಿ ಇಟ್ಟುಕೊಳ್ಳುವುದೆಂದರೆ ಇನ್‌ನ ಸಭಾಂಗಣದಲ್ಲಿ ಕುಳಿತು ಊಟ ಮಾಡುವುದು. ವಿಶ್ವವಿದ್ಯಾಲಯದಲ್ಲಿ ಇದ್ದವರಿಗೆ ಅವಧಿಗೆ ಮೂರು ಊಟ ಸಾಕು, ಉಳಿದವರಿಗೆ ಆರು. ಕ್ಲಾರ್ಕನ ಕಾಲದಲ್ಲಿ ಪರೀಕ್ಷೆ ಕಡ್ಡಾಯವಿರಲಿಲ್ಲ, ಅದು ಕಡ್ಡಾಯವಾದದ್ದು 1872ರಲ್ಲಿ. ಮೂರು ವರ್ಷ ಉಂಡು ಬ್ಯಾರಿಸ್ಟರ್ ಆದರು ಎಂದು ನಮ್ಮವರು ತಮಾಷೆ ಮಾಡುವುದಿದೆಯಲ್ಲ, ಅದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಗಾಂಧೀಜಿಯೂ ಇನ್ನರ್ ಟೆಂಪಲ್‌ನಲ್ಲಿ ಅವಧಿಗೆ ಆರು ಊಟದ ಲೆಕ್ಕದಲ್ಲೇ ಕೂತರು. ಮಾಂಸ, ಮದ್ಯ ಎರಡನ್ನೂ ಮುಟ್ಟದವರು ಆ ಮೇಜಿನಲ್ಲಿ! ಆ ಹೊತ್ತಿಗೆ ಪರೀಕ್ಷೆಯೂ ಬಂದಿತ್ತು, ಅದನ್ನೂ ಪಾಸು ಮಾಡಿದರು.

ಊಟದಿಂದ ಕಾನೂನು ಬರುವುದಿಲ್ಲ. ನಿಜವಾದ ಕಲಿಕೆ ನಡೆಯುತ್ತಿದ್ದುದು ಹಿರಿಯ ಬ್ಯಾರಿಸ್ಟರನ ಕೋಣೆಯಲ್ಲಿ, ಅವನ ಕಡತ ಓದಿ, ಕರಡು ಬರೆದು, ತಿದ್ದಿಸಿಕೊಂಡು. ಹಾಗೆ ಕಲಿಯಲು ಶಿಷ್ಯನೇ ಗುರುವಿಗೆ ವರ್ಷಕ್ಕೆ 100 ಗಿನಿ ಕೊಡಬೇಕಿತ್ತು. ಗಿನಿ ಎಂಬ ನಾಣ್ಯ ಆಗಲೇ ಚಲಾವಣೆಯಲ್ಲಿರಲಿಲ್ಲ, ಅದು ಲೆಕ್ಕದ ಹೆಸರಾಗಿ ಉಳಿದಿತ್ತು. ಪೌಂಡಿಗೆ 20 ಶಿಲಿಂಗ್, ಗಿನಿಗೆ 21. ವಕೀಲರು, ವೈದ್ಯರು ಬಿಲ್ಲು ಬರೆಯುತ್ತಿದ್ದುದು ಗಿನಿಯಲ್ಲೇ. 100 ಗಿನಿ ಎಂದರೆ 105 ಪೌಂಡ್. ಕಸುಬಿಗೆ ಬಿದ್ದವರಲ್ಲಿ ಬಹಳಷ್ಟು ಮಂದಿ ಸೋಲುತ್ತಿದ್ದುದು ಬುದ್ಧಿಯ ಕೊರತೆಯಿಂದಲ್ಲ. ಮೊದಲ ಐದಾರು ವರ್ಷ ಆದಾಯವಿಲ್ಲದೆ ತಳ್ಳುವ ಶಕ್ತಿ ಇರಲಿಲ್ಲ, ಅಷ್ಟೆ.

ಕೆಲಸ ಬರುವ ದಾರಿಯನ್ನೂ ಹೇಳಬೇಕು. ನಮ್ಮಲ್ಲಿ ಕಕ್ಷಿದಾರ ವಕೀಲರ ಆಫೀಸಿಗೆ ಹೋಗಿ ವಕಾಲತ್ತಿಗೆ ಸಹಿ ಹಾಕುತ್ತಾನೆ, ಅದೇ ವಕೀಲರು ವಾದವನ್ನೂ ಮಾಡಬಹುದು. ಅಲ್ಲಿ ಆಗ ಹಾಗಿರಲಿಲ್ಲ. ಕಕ್ಷಿದಾರ ಹೋಗುತ್ತಿದ್ದುದು ಸಾಲಿಸಿಟರ್ ಬಳಿ. ಸಾಕ್ಷ್ಯ ಸಂಗ್ರಹಿಸಿ, ಕಡತ ಕಟ್ಟಿ, ಗುಲಾಬಿ ಬಣ್ಣದ ಪಟ್ಟಿ ಸುತ್ತಿ, ಮೇಲೆ ಫೀಸು ನಮೂದಿಸಿ ಅದನ್ನು ಬ್ಯಾರಿಸ್ಟರನಿಗೆ ಕಳಿಸುವವನು ಸಾಲಿಸಿಟರ್. ಆ ಕಟ್ಟಿಗೆ ‘ಬ್ರೀಫ್’ ಎನ್ನುತ್ತಾರೆ. ಬ್ಯಾರಿಸ್ಟರ್ ತಾನಾಗಿ ಕೆಲಸ ಕೇಳುವಂತಿರಲಿಲ್ಲ. ಸಾಲಿಸಿಟರುಗಳ ಜತೆ ಅತಿಯಾಗಿ ಬೆರೆತರೂ ಕೆಟ್ಟ ಹೆಸರು. ಫೀಸಿನ ಚೌಕಾಸಿ ಮಾಡುವವನು ಅವನ ಗುಮಾಸ್ತ. ಐದು ಗಿನಿಗಿಂತ ಕೆಳಗಿನ ಬ್ರೀಫಿಗೆ ಗುಮಾಸ್ತನ ಪಾಲು ಎರಡೂವರೆ ಶಿಲಿಂಗ್, ಅದನ್ನು ಕಕ್ಷಿದಾರನೇ ಪ್ರತ್ಯೇಕವಾಗಿ ಕೊಡಬೇಕು. ಹೀಗಾಗಿ ಒಂದು ಗಿನಿಯ ಬ್ರೀಫಿಗೆ ಒಟ್ಟು 1 ಪೌಂಡ್ 3 ಶಿಲಿಂಗ್ 6 ಪೆನ್ಸ್. ವಕೀಲರಿಲ್ಲದ ಕೈದಿ ಕಟಕಟೆಯಲ್ಲೇ ನಿಂತು, ಎದುರು ಕೂತ ಬ್ಯಾರಿಸ್ಟರುಗಳಲ್ಲಿ ಒಬ್ಬನನ್ನು ಬೊಟ್ಟು ಮಾಡಿ ಆರಿಸಿಕೊಳ್ಳುವ ಪದ್ಧತಿಯೂ ಇತ್ತು. ಅದರ ದರವೂ ಇಷ್ಟೇ. ಹೊಸಬರ ಹೆಸರು ಬೆಳೆಯುತ್ತಿದ್ದುದು ಹೀಗೂ ಹೌದು.

ಬಾಕಿ ಫೀಸಿಗೆ ಬ್ಯಾರಿಸ್ಟರ್ ದಾವೆ ಹೂಡುವಂತಿರಲಿಲ್ಲ. ಫೀಸು ಕಾನೂನಿನ ಕಣ್ಣಲ್ಲಿ ಕಾಣಿಕೆ. 1863ರ ಕೆನಡಿ–ಬ್ರೌನ್ ತೀರ್ಪು ಇದನ್ನು ಗಟ್ಟಿ ಮಾಡಿತು. ಆ ಮೊಕದ್ದಮೆಯಲ್ಲಿ ಸಾವಿರಾರು ಪೌಂಡ್ ಕೊಡುವುದಾಗಿ ಕಕ್ಷಿದಾರೆ ಮಾತು ಕೊಟ್ಟಿದ್ದರೂ ಬ್ಯಾರಿಸ್ಟರನಿಗೆ ಕವಡೆ ಕಾಸೂ ದಕ್ಕಲಿಲ್ಲ. ಬುದ್ಧಿವಂತ ಗುಮಾಸ್ತ ಫೀಸು ಕೈಗೆ ಬಂದ ಮೇಲೇ ಕಡತ ಬಿಚ್ಚಲು ಬಿಡುತ್ತಿದ್ದುದು ಇದಕ್ಕೇ.

ಕ್ಲಾರ್ಕ್ ಸೇರಿದ್ದು ಹೋಮ್ ಸರ್ಕ್ಯೂಟ್. ನ್ಯಾಯಾಧೀಶರು ವರ್ಷಕ್ಕೆ ಕೆಲವು ಸಲ ಜಿಲ್ಲೆಗಳಿಗೆ ಸಂಚಾರ ಹೋಗಿ ವಿಚಾರಣೆ ನಡೆಸುತ್ತಿದ್ದರು, ಬ್ಯಾರಿಸ್ಟರುಗಳು ಅವರ ಹಿಂದೆ ಹೊರಡುತ್ತಿದ್ದರು. ಒಬ್ಬನಿಗೆ ಒಂದೇ ಸರ್ಕ್ಯೂಟು. ಬೇರೆ ಸರ್ಕ್ಯೂಟಿಗೆ ಕಾಲಿಡಬೇಕಾದರೆ ವಿಶೇಷ ಫೀಸು ವಿಧಿಸಲೇಬೇಕಿತ್ತು, ಹಿರಿಯನಿಗೆ ಸಾಮಾನ್ಯವಾಗಿ 100 ಗಿನಿ, ಕಿರಿಯನಿಗೆ 50. ಅನ್ಯರು ಅಗ್ಗದ ದರದಲ್ಲಿ ನುಗ್ಗದಂತೆ ಹಾಕಿದ ಬೇಲಿ ಇದು. ಹೋಮ್ ಸರ್ಕ್ಯೂಟು ಲಂಡನ್ನಿಗೆ ಹತ್ತಿರದ ಜಿಲ್ಲೆಗಳದು. ರಾಜಕೀಯದ ಮೇಲೆ ಕಣ್ಣಿಟ್ಟವನಿಗೆ ಇದಕ್ಕಿಂತ ಅನುಕೂಲದ ಆಯ್ಕೆ ಇಲ್ಲ.

1877 ಅವನಿಗೆ ಹೆಸರು ತಂದ ವರ್ಷ. ಹೆಣ್ಣೊಬ್ಬಳನ್ನು ಹಸಿವಿನಿಂದ ಸಾಯಿಸಿದ ಪೆಂಜ್ ಮೊಕದ್ದಮೆಯಲ್ಲಿ ನಾಲ್ವರು ಆರೋಪಿಗಳಲ್ಲಿ ಒಬ್ಬರ ಪರ ನಿಂತ. ಗಲ್ಲು ಶಿಕ್ಷೆಯಾಯಿತು, ಆಮೇಲೆ ರದ್ದಾಯಿತು. ಅದೇ ವರ್ಷ ಸ್ಕಾಟ್ಲೆಂಡ್ ಯಾರ್ಡಿನ ಪತ್ತೇದಾರರೇ ವಂಚಕರ ಜತೆ ಶಾಮೀಲಾದ ಮೊಕದ್ದಮೆ. ಅದರಲ್ಲಿ ಮೂವರು ಅಧಿಕಾರಿಗಳಿಗೆ ಎರಡು ವರ್ಷ ಸಜೆಯಾಗಿ, ಮುಖ್ಯ ಇನ್ಸ್‌ಪೆಕ್ಟರ್ ಜಾರ್ಜ್ ಕ್ಲಾರ್ಕ್ ಒಬ್ಬನೇ ಖುಲಾಸೆಯಾದ. ಅವನ ಪರ ವಾದಿಸಿದವನು ನಮ್ಮ ಕ್ಲಾರ್ಕ್. ಹೆಸರಷ್ಟೇ ಒಂದು, ನೆಂಟಸ್ತನವಿಲ್ಲ. ದಿನಪತ್ರಿಕೆಗಳು ಇಂಥ ವಿಚಾರಣೆಯ ಮಾತನ್ನೆಲ್ಲ ಕಾಲಂಗಟ್ಟಲೆ ಅಚ್ಚು ಹಾಕುತ್ತಿದ್ದ ಕಾಲ ಅದು. ಮತದಾರರಿಗೆ ಪರಿಚಯವಾಗಲು ಬೇರೆ ಪ್ರಚಾರ ಬೇಕಿರಲಿಲ್ಲ.

1880 ಅವನ ಪಾಲಿಗೆ ಏಳುಬೀಳಿನ ವರ್ಷ. ಫೆಬ್ರವರಿಯಲ್ಲಿ ಲಂಡನ್ನಿನ ಸದರ್ಕ್ ಕ್ಷೇತ್ರದ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಅಭ್ಯರ್ಥಿಯಾಗಿ, ಲಿಬರಲ್ಲರ ಕೈಯಲ್ಲಿದ್ದ ಸ್ಥಾನ ಕಿತ್ತುಕೊಂಡ. ಇದನ್ನು ಕಂಡು ಹುರುಪುಗೊಂಡ ಪ್ರಧಾನಿ ಡಿಸ್ರೇಲಿ ಮಾರ್ಚಿನಲ್ಲಿ ಸಂಸತ್ತು ವಿಸರ್ಜಿಸಿದ. ಏಪ್ರಿಲಿನಲ್ಲಿ ಪಕ್ಷ ನೆಲ ಕಚ್ಚಿತು, ಕ್ಲಾರ್ಕನೂ ಸೋತ. ಒಂದು ಉಪಚುನಾವಣೆಯನ್ನು ದೇಶದ ನಾಡಿ ಎಂದು ತಿಳಿಯುವ ತಪ್ಪು ಇಂದಿಗೂ ನಿಂತಿಲ್ಲ. ಜುಲೈನಲ್ಲಿ ಪ್ಲಿಮತ್‌ನಲ್ಲಿ ಗೆದ್ದವರ ಆಯ್ಕೆ ಚುನಾವಣಾ ತಕರಾರು ಅರ್ಜಿಯಿಂದ ರದ್ದಾಗಿ ಸ್ಥಾನ ಖಾಲಿಯಾಯಿತು. ಕ್ಲಾರ್ಕ್ ಅಲ್ಲಿ ನಿಂತು ಗೆದ್ದು, 1900ರವರೆಗೂ ಉಳಿಸಿಕೊಂಡ. ಅದೇ 1880ರಲ್ಲಿ ಕ್ವೀನ್ಸ್ ಕೌನ್ಸೆಲ್ (ಕ್ಯು.ಸಿ.), ಎಂದರೆ ಹಿರಿಯ ಬ್ಯಾರಿಸ್ಟರ್, ಆದ. ರೇಷ್ಮೆ ಗೌನು ತೊಡುವ ಹಕ್ಕು ಬರುವುದರಿಂದ ಅದಕ್ಕೆ ‘ರೇಷ್ಮೆ ಪಡೆದ’ ಎನ್ನುವುದು ರೂಢಿ.

ರೇಷ್ಮೆ ಎಂದರೆ ಬರಿಯ ಮರ್ಯಾದೆಯಲ್ಲ, ಜೂಜೂ ಹೌದು. ಆಗ ಕ್ಯು.ಸಿ. ಆದವನು ಕಿರಿಯ ಬ್ಯಾರಿಸ್ಟರ್ ಜತೆಗಿಲ್ಲದೆ ಕೋರ್ಟಿನಲ್ಲಿ ನಿಲ್ಲುವಂತಿರಲಿಲ್ಲ. ಕಿರಿಯನಿಗೆ ಹಿರಿಯನ ಫೀಸಿನ ಮೂರನೇ ಎರಡು ಭಾಗ ಕೊಡುವುದು ವಾಡಿಕೆಯಾಗಿತ್ತು. ಕಕ್ಷಿದಾರನಿಗೆ ಖರ್ಚು ಒಮ್ಮೆಲೇ ಏರುತ್ತಿತ್ತು. ದಾವೆ ಪತ್ರ, ಉತ್ತರ ಪತ್ರಗಳ ಕರಡು ಬರೆಯುವ ದಿನನಿತ್ಯದ ಸಂಪಾದನೆಯೂ ಹೋಗುತ್ತಿತ್ತು, ಅದು ಕಿರಿಯರ ಕೆಲಸ. ಕಿರಿಯನಾಗಿ ಚೆನ್ನಾಗಿ ದುಡಿಯುತ್ತಿದ್ದವನು ಅವಸರದಲ್ಲಿ ರೇಷ್ಮೆ ಪಡೆದು ಬ್ರೀಫಿಲ್ಲದೆ ಕೂತ ಉದಾಹರಣೆಗಳು ಬೇಕಷ್ಟಿವೆ. ನಮ್ಮ 1961ರ ವಕೀಲರ ಕಾಯ್ದೆಯ ‘ಹಿರಿಯ ವಕೀಲ’ರು ನೇರವಾಗಿ ವಕಾಲತ್ತು ಹಾಕದೆ ಇನ್ನೊಬ್ಬ ವಕೀಲರೊಡನೆ ಹಾಜರಾಗುವುದಕ್ಕೆ ಮೂಲ ಇಲ್ಲಿದೆ. ಕ್ಯು.ಸಿ. ಹೆಸರಿಗೆ ರಾಣಿಯ ವಕೀಲನಾದ್ದರಿಂದ, ಸರ್ಕಾರದ ವಿರುದ್ಧ ಆರೋಪಿಯ ಪರ ನಿಲ್ಲಲು ಪ್ರತ್ಯೇಕ ಪರವಾನಗಿ ಬೇಕಿತ್ತು. ಕೇಳಿದರೆ ಸಿಗುತ್ತಿತ್ತು, ಆದರೆ ಕೇಳಬೇಕು.

ಈಗ ದಿನಚರಿ. ಕೋರ್ಟು ಬೆಳಿಗ್ಗೆ ಹತ್ತೂವರೆಗೆ ಶುರುವಾಗಿ ನಾಲ್ಕಕ್ಕೆ ಏಳುತ್ತಿತ್ತು. ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ, ಬುಧವಾರ ಬಿಟ್ಟರೆ, ನಾಲ್ಕರ ಸುಮಾರಿಗೆ ಸೇರಿ ಮಧ್ಯರಾತ್ರಿ ದಾಟುವವರೆಗೆ ನಡೆಯುತ್ತಿತ್ತು. ಸಂಸದನ ಕೆಲಸ ದುಡಿಯುವ ಬ್ಯಾರಿಸ್ಟರನಿಗೆ ಎಟುಕಿದ್ದು ಈ ಗಡಿಯಾರದಿಂದ. 1882ರ ಡಿಸೆಂಬರಿನವರೆಗೆ ದೊಡ್ಡ ಕೋರ್ಟುಗಳಿದ್ದದ್ದೂ ಸಂಸತ್ತಿಗೆ ಅಂಟಿಕೊಂಡ ವೆಸ್ಟ್‌ಮಿನ್‌ಸ್ಟರ್ ಹಾಲಿನ ಪಕ್ಕದಲ್ಲೇ, ಗೌನು ತೆಗೆದು ನಡೆದು ಹೋದರಾಯಿತು. ಆಮೇಲೆ ಸ್ಟ್ರ್ಯಾಂಡ್ ರಸ್ತೆಯ ಹೊಸ ಕಟ್ಟಡಕ್ಕೆ ಹೋದವು, ಎರಡು ಕಿಲೋಮೀಟರಿನಷ್ಟು ದೂರ, ಕುದುರೆ ಗಾಡಿ ಬೇಕು. ಮರುದಿನದ ಕಡತ ಓದುವುದು ಯಾವಾಗ? ರಾತ್ರಿ ಸಭೆ ಮುಗಿದ ಮೇಲೆ, ಇಲ್ಲವೇ ಬೆಳಗಿನ ಜಾವ. ಈ ಬದುಕಿನಲ್ಲಿ ದೇಹ ಮೊದಲು ಕೈಕೊಡುತ್ತಿತ್ತು.

ಹಣದ ಮಾತು. ಸಂಸದನಾಗಲು ಆಸ್ತಿ ಇರಲೇಬೇಕೆಂಬ ನಿಯಮ 1858ರಲ್ಲಿ ಹೋಗಿತ್ತು. ಆದರೆ ಸಂಬಳ ಬಂದದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡ್. ಈ ನಡುವಿನ ಐವತ್ತು ಚಿಲ್ಲರೆ ವರ್ಷ ಚುನಾವಣೆಯ ಖರ್ಚು, ಕ್ಷೇತ್ರದ ಚಂದಾ, ಓಡಾಟ ಎಲ್ಲವೂ ಸ್ವಂತದ್ದು. 1883ರ ಕಾಯ್ದೆ ಚುನಾವಣಾ ವೆಚ್ಚಕ್ಕೆ ಮಿತಿ ಹಾಕಿದ್ದು ಸ್ವಲ್ಪ ಉಸಿರಾಡಲು ಬಿಟ್ಟಿತು. ಜಮೀನುದಾರನಿಗೆ ಗೇಣಿ ಬರುತ್ತಿತ್ತು, ಕ್ಲಾರ್ಕನಂಥವನಿಗೆ ಬ್ರೀಫೇ ಗೇಣಿ. ಸಂಸತ್ತಿನ ಸಮಿತಿಗಳ ಮುಂದೆ ರೈಲ್ವೆ ಕಂಪನಿಗಳ ಪರ ವಾದಿಸುವ, ಆ ಕಾಲದ ಅತಿ ಹೆಚ್ಚು ಹಣ ತರುವ ಕೆಲಸ ಮಾತ್ರ ಸಂಸದನಿಗೆ ನಿಷಿದ್ಧ. ಅದನ್ನು ಬಿಟ್ಟುಕೊಡಬೇಕಿತ್ತು.

ಹಾಗಿದ್ದೂ ಏಕೆ ನುಗ್ಗುತ್ತಿದ್ದರು? ಅಟಾರ್ನಿ ಜನರಲ್, ಸಾಲಿಸಿಟರ್ ಜನರಲ್ ಎಂಬ ಎರಡು ಹುದ್ದೆಗಳು ಆಳುವ ಪಕ್ಷದ ವಕೀಲ ಸಂಸದರಿಗೇ ಸಿಗುತ್ತಿದ್ದವು. ಅಲ್ಲಿಂದ ಮುಖ್ಯ ನ್ಯಾಯಮೂರ್ತಿ ಪೀಠಕ್ಕೆ ನೇರ ಮೆಟ್ಟಿಲು. ಕ್ಲಾರ್ಕನ ಎದುರಾಳಿ, ಲಿಬರಲ್ ಪಕ್ಷದ ಚಾರ್ಲ್ಸ್ ರಸೆಲ್ ಹಾಗೇ 1894ರಲ್ಲಿ ಇಂಗ್ಲೆಂಡಿನ ಲಾರ್ಡ್ ಚೀಫ್ ಜಸ್ಟಿಸ್ ಆದ. ಎರಡನೆಯ ಆಕರ್ಷಣೆ ಹಣ: ಸಾಲಿಸಿಟರ್ ಜನರಲ್‌ಗೆ ವರ್ಷಕ್ಕೆ 6,000 ಪೌಂಡ್ ಸಂಬಳ, ವಾದಿಸಿದ ಸರ್ಕಾರಿ ಕೇಸುಗಳಿಗೆ ಪ್ರತ್ಯೇಕ ಫೀಸು, ಇದರ ಮೇಲೆ ಖಾಸಗಿ ಕಕ್ಷಿದಾರರ ಕೆಲಸವನ್ನೂ ಇಟ್ಟುಕೊಳ್ಳಬಹುದಿತ್ತು. ಹೆಸರು ‘ಸಾಲಿಸಿಟರ್’ ಆದರೂ ಆತ ಬ್ಯಾರಿಸ್ಟರೇ. ಹೊಸಬರು ಇಲ್ಲಿ ಎಡವುವುದು ಹೆಚ್ಚು.

1886ರ ಏಪ್ರಿಲಿನಲ್ಲಿ, ಹುದ್ದೆ ಸಿಗುವ ಮುನ್ನ, ಕ್ಲಾರ್ಕ್ ತನ್ನ ಅತ್ಯುತ್ತಮ ಕೆಲಸ ಮಾಡಿದ. ಲಂಡನ್ನಿನ ಪಿಮ್ಲಿಕೋದಲ್ಲಿ ಎಡ್ವಿನ್ ಬಾರ್ಟ್‌ಲೆಟ್ ಎಂಬ ದಿನಸಿ ವ್ಯಾಪಾರಿ ಹೊಸ ವರ್ಷದ ಬೆಳಗ್ಗೆ ಸತ್ತು ಬಿದ್ದಿದ್ದ, ಹೊಟ್ಟೆಯಲ್ಲಿ ದ್ರವ ಕ್ಲೋರೋಫಾರ್ಮ್. ಹೆಂಡತಿ ಅಡಿಲೇಡ್ ಮೇಲೆ ಕೊಲೆ ಆರೋಪ. ವಿಷಪ್ರಾಶನದ ಮೊಕದ್ದಮೆಯಲ್ಲಿ ಕಾನೂನು ಅಧಿಕಾರಿಯೇ (ಅಟಾರ್ನಿ ಜನರಲ್ ಇಲ್ಲವೇ ಸಾಲಿಸಿಟರ್ ಜನರಲ್) ಸರ್ಕಾರದ ಪರ ಬರುವುದು ಆಗಿನ ಸಂಪ್ರದಾಯ, ಹಾಗಾಗಿ ಎದುರಿಗೆ ಅಟಾರ್ನಿ ಜನರಲ್ ರಸೆಲ್. ಆರೋಪಿ ತನ್ನ ಪರ ತಾನೇ ಸಾಕ್ಷಿ ಹೇಳಲು ಆಗ ಅವಕಾಶವಿರಲಿಲ್ಲ, ಅದು ಬಂದದ್ದು 1898ರ ಕಾಯ್ದೆಯಿಂದ. ಕ್ಲಾರ್ಕ್ ಎಲ್ಲವನ್ನೂ ಪಾಟೀಸವಾಲಿನಿಂದಲೇ ಹಿಂಡಬೇಕಿತ್ತು. ವೈದ್ಯಗ್ರಂಥಗಳನ್ನು ಅರೆದು ಕುಡಿದು ಬಂದ. ಅವನ ಹಿಡಿತವೆಲ್ಲ ಒಂದೇ ಬಿಂದುವಿನಲ್ಲಿ: ಕ್ಲೋರೋಫಾರ್ಮ್ ಸುಡುವ ದ್ರವ. ಎಚ್ಚರವಿದ್ದವನು ನೋವಿನಿಂದ ಕೂಗುತ್ತಾನೆ. ಪ್ರಜ್ಞೆ ತಪ್ಪಿದವನು ನುಂಗಲಾರ, ಅದು ಉಸಿರುನಾಳದ ಕಡೆ ಇಳಿದು ಸುಟ್ಟ ಗುರುತು ಬಿಡುತ್ತದೆ. ಅಂಥ ಗುರುತು ಸಿಕ್ಕಿರಲಿಲ್ಲ. ಹಾಗಾದರೆ ಇನ್ನೊಬ್ಬರು ಅದನ್ನು ಕುಡಿಸಿದ್ದು ಹೇಗೆ? ಈ ರೀತಿಯ ಕೊಲೆ ಹಿಂದೆ ನಡೆದ ದಾಖಲೆ ಇಲ್ಲವೆಂಬುದನ್ನು ಸರ್ಕಾರದ ತಜ್ಞರ ಬಾಯಿಂದಲೇ ಹೇಳಿಸಿದ. ಸುಮಾರು ಆರು ಗಂಟೆ ಮಾತಾಡಿದ. ಜ್ಯೂರಿ ಬಲವಾದ ಸಂಶಯವಿದೆ ಎಂದೇ ಹೇಳಿ, ಕ್ಲೋರೋಫಾರ್ಮ್ ಹೇಗೆ ಒಳಹೋಯಿತು, ಯಾರು ಕೊಟ್ಟರು ಎಂಬುದಕ್ಕೆ ಸಾಕ್ಷ್ಯ ಸಾಲದೆಂದು ಬಿಟ್ಟಿತು.

ಅದೇ ವರ್ಷ ಸಾಲ್ಸ್‌ಬರಿ ಸರ್ಕಾರ ಬಂದು ಕ್ಲಾರ್ಕ್ ಸಾಲಿಸಿಟರ್ ಜನರಲ್ ಆದ, ‘ಸರ್’ ಬಿರುದು ಬಂತು, 1892ರವರೆಗೆ ಹುದ್ದೆಯಲ್ಲಿದ್ದ. ನಿಮ್ಮ ಯುವರಾಜನ ಪ್ರಸಂಗ ಈ ಅವಧಿಯದು. 1890ರ ಸೆಪ್ಟೆಂಬರಿನಲ್ಲಿ ಹಲ್ ಬಳಿಯ ಟ್ರ್ಯಾನ್‌ಬಿ ಕ್ರಾಫ್ಟ್ ಎಂಬ ಬಂಗಲೆಯಲ್ಲಿ ಯುವರಾಜ ಎಡ್ವರ್ಡ್ ಅತಿಥಿ. ರಾತ್ರಿ ಬ್ಯಾಕರಾ ಎಂಬ ಇಸ್ಪೀಟಾಟ, ಅದು ಕಾನೂನಿಗೆ ವಿರುದ್ಧ. ಬ್ಯಾಂಕ್ ಹಿಡಿದವನು, ಅಂದರೆ ಎಲ್ಲರ ಪಣಕ್ಕೆ ಎದುರಾಗಿ ಆಡಿದವನು, ಯುವರಾಜನೇ. ಸ್ಕಾಟ್ಸ್ ಗಾರ್ಡ್ಸ್‌ನ ಸರ್ ವಿಲಿಯಂ ಗಾರ್ಡನ್ ಕಮಿಂಗ್ ಪಣದ ಬಿಲ್ಲೆ ಸರಿಸಿ ಮೋಸ ಮಾಡಿದ ಎಂದು ಕೆಲವರು ದೂರಿದರು. ಇನ್ನೆಂದೂ ಇಸ್ಪೀಟು ಮುಟ್ಟುವುದಿಲ್ಲ ಎಂಬ ಕಾಗದಕ್ಕೆ ಅವನಿಂದ ಸಹಿ ಹಾಕಿಸಿ, ಗುಟ್ಟಾಗಿಡುವ ಮಾತು ಕೊಟ್ಟರು. ಗುಟ್ಟು ನಿಲ್ಲಲಿಲ್ಲ. ಆತ ಐವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿ ಕ್ಲಾರ್ಕನನ್ನು ಹಿಡಿದ. ಹುದ್ದೆ ಖಾಸಗಿ ಕೆಲಸಕ್ಕೆ ಅಡ್ಡಿಯಲ್ಲ, ದಾವೆಯಲ್ಲಿ ಸರ್ಕಾರ ಪಕ್ಷಗಾರನೂ ಅಲ್ಲ, ಆದ್ದರಿಂದ ನಿಯಮ ಮುರಿದಂತಾಗಲಿಲ್ಲ. 1891ರ ಜೂನ್ 1ರಿಂದ 9ರವರೆಗೆ ವಿಚಾರಣೆ. ಪ್ರತಿವಾದಿಗಳ ಪರ ರಸೆಲ್, ಅವನಿಗೆ ಕಿರಿಯನಾಗಿ ಮುಂದೆ ಪ್ರಧಾನಿಯಾಗಲಿದ್ದ ಆಸ್ಕ್ವಿತ್. ಕುಸಿಯುವ ಸಿಂಹಾಸನವನ್ನು ಕಾಪಾಡಲು ತಮ್ಮ ಮಾನವನ್ನೇ ತೆತ್ತ ನಿಷ್ಠರು ಹಿಂದೆಯೂ ಇದ್ದರು ಎಂಬ ಅರ್ಥದ ಮಾತನ್ನು ಕ್ಲಾರ್ಕ್ ಜ್ಯೂರಿಗೆ ಹೇಳಿದ. ಸಹಿ ಹಾಕಿದ್ದು ತಪ್ಪೊಪ್ಪಿಗೆಯಲ್ಲ, ಯುವರಾಜನ ಹೆಸರು ಉಳಿಸಲು ಎಂಬುದು ಅದರ ಒಳದನಿ. ಜ್ಯೂರಿ 13 ನಿಮಿಷದಲ್ಲಿ ಅವನ ಕಕ್ಷಿದಾರನ ವಿರುದ್ಧ ತೀರ್ಪು ಕೊಟ್ಟಿತು. ನನ್ನ ಮಟ್ಟಿಗೆ, ವಾದ ಸೋತದ್ದು ಆ ಸಹಿಯ ಕಾಗದದಿಂದ. ನಿರಪರಾಧಿ ಸಹಿ ಹಾಕುವನೇ ಎಂಬ ಸಾಮಾನ್ಯನ ಪ್ರಶ್ನೆಗೆ ಯಾವ ಭಾಷಣವೂ ಉತ್ತರವಾಗಲಿಲ್ಲ. ಮರುದಿನ, ಜೂನ್ 10ರಂದು, ಗಾಂಧೀಜಿ ಅದೇ ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದರು. ಊರೆಲ್ಲ ಇದೇ ಮಾತಾಡುತ್ತಿದ್ದ ದಿನ.

1895ರಲ್ಲಿ ಸಾಹಿತಿ ಆಸ್ಕರ್ ವೈಲ್ಡ್‌ನ ಮೂರು ವಿಚಾರಣೆಗಳು. ಮೊದಲನೆಯದರಲ್ಲಿ ವೈಲ್ಡ್‌ನೇ ದೂರುದಾರ, ಅವನ ಪರ ಕ್ಲಾರ್ಕ್, ಎದುರು ವಕೀಲ ಎಡ್ವರ್ಡ್ ಕಾರ್ಸನ್. ಕಾರ್ಸನ್‌ನ ಪಾಟೀಸವಾಲಿನ ನಂತರ ಕ್ಲಾರ್ಕ್ ಕೇಸು ಹಿಂದೆಗೆದ. ಮುಂದಿನ ಎರಡರಲ್ಲಿ ವೈಲ್ಡ್ ಆರೋಪಿ, ಕ್ಲಾರ್ಕ್ ಬಿಡಿಗಾಸು ಪಡೆಯದೆ ನಿಂತ. ಕಡೆಯದರಲ್ಲಿ ಸರ್ಕಾರದ ಪರ ಅಂದಿನ ಸಾಲಿಸಿಟರ್ ಜನರಲ್ ಫ್ರಾಂಕ್ ಲಾಕ್‌ವುಡ್. ಕ್ಲಾರ್ಕ್, ಕಾರ್ಸನ್, ಲಾಕ್‌ವುಡ್ ಮೂವರೂ ಆಗ ಸಂಸದರು! ಕಾನೂನು ಅಧಿಕಾರಿಗೆ ಏನೇ ಆದರೂ ಕೊನೆಯ ಮಾತು ಆಡುವ ವಿಶೇಷ ಹಕ್ಕಿತ್ತು. ತಾನು ಆ ಹುದ್ದೆಯಲ್ಲಿದ್ದಾಗ ಅದನ್ನು ಬಳಸಿರಲಿಲ್ಲ ಎಂದು ಕ್ಲಾರ್ಕ್ ಕೋರ್ಟಿನಲ್ಲೇ ಹೇಳಿದ. ಲಾಕ್‌ವುಡ್ ಬಳಸಿಕೊಂಡ. ವೈಲ್ಡ್‌ಗೆ ಎರಡು ವರ್ಷ ಸಜೆ.

ಅದೇ ಬೇಸಿಗೆಯಲ್ಲಿ ಕ್ಲಾರ್ಕನ ಪಕ್ಷ ಮತ್ತೆ ಗೆದ್ದು ಸಾಲಿಸಿಟರ್ ಜನರಲ್ ಹುದ್ದೆ ಅವನ ಮುಂದೆ ಬಂತು. ಆದರೆ ಈ ಸಲ ಖಾಸಗಿ ಕೇಸು ಹಿಡಿಯುವಂತಿಲ್ಲ ಎಂಬ ಷರತ್ತು. ಬೇಡವೆಂದ, ಹುದ್ದೆ ರಾಬರ್ಟ್ ಫಿನ್ಲೆಗೆ ಹೋಯಿತು. ಹೊರಗೆ ಉಳಿದದ್ದರಿಂದಲೇ 1896ರಲ್ಲಿ, ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್ ಮೇಲೆ ದಾಳಿ ಮಾಡಿದ ಡಾಕ್ಟರ್ ಜೇಮ್ಸನ್ ಪರ ವಾದಿಸಲು ಸಾಧ್ಯವಾಯಿತು. ಜೇಮ್ಸನ್‌ಗೆ 15 ತಿಂಗಳ ಸಜೆಯಾಯಿತು. 1897ರಲ್ಲಿ ಮಾಸ್ಟರ್ ಆಫ್ ದಿ ರೋಲ್ಸ್ ಎಂಬ ಉನ್ನತ ನ್ಯಾಯಪೀಠವನ್ನೂ ನಿರಾಕರಿಸಿದ. ಪೀಠ ಏರಿದರೆ ಕಾಮನ್ಸ್ ಬಿಡಬೇಕಲ್ಲ.

ಅಷ್ಟು ಕಷ್ಟಪಟ್ಟು ಕಾಯ್ದ ಕಾಮನ್ಸ್ ಮೂರೇ ವರ್ಷದಲ್ಲಿ ಕೈತಪ್ಪಿತು. 1899ರಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ದಾರಿ ಮಾಡಿದ ತನ್ನದೇ ಸರ್ಕಾರದ ನಡೆಯನ್ನು ಸಭೆಯಲ್ಲಿ ಟೀಕಿಸಿದ. ಪ್ಲಿಮತ್‌ನ ಪಕ್ಷದವರು ಮುನಿದರು, 1900ರಲ್ಲಿ ರಾಜೀನಾಮೆ ಕೊಟ್ಟ. 1906ರಲ್ಲಿ ಸಿಟಿ ಆಫ್ ಲಂಡನ್ ಕ್ಷೇತ್ರದಿಂದ ಮರಳಿ ಬಂದು, ಆಮದು ಸುಂಕದ ವಿಷಯದಲ್ಲಿ ಮತ್ತೆ ಪಕ್ಷದ ಜತೆ ತಿಕ್ಕಾಟ. ಕೆಲವೇ ತಿಂಗಳಲ್ಲಿ ಅದನ್ನೂ ಬಿಟ್ಟ. ಕೋರ್ಟು ಮಾತ್ರ 1914ರವರೆಗೆ ಜತೆಗಿತ್ತು, ಒಟ್ಟು ಐವತ್ತು ವರ್ಷ. ಆ ಗಿನಿಗಳಲ್ಲಿ ಒಂದು ಪಾಲು ಇಂದಿಗೂ ಕಣ್ಣಿಗೆ ಕಾಣುತ್ತದೆ: ಅವನು ನೆಲೆಸಿ, 1931ರಲ್ಲಿ ತೀರಿಕೊಂಡ ಸ್ಟೇನ್ಸ್ ಊರಿನಲ್ಲಿ, ಥೇಮ್ಸ್ ದಡದ ಸೇಂಟ್ ಪೀಟರ್ಸ್ ಚರ್ಚನ್ನು 1890ರ ದಶಕದಲ್ಲಿ ಕಟ್ಟಿಸಿದ್ದು ಅವನ ಸ್ವಂತ ಹಣದಿಂದ.